ವರ್ಣಶ್ರೇಣಿಯೂ ಇಲ್ಲದ ಗಡಿಯೂ

ಫೋರ್ಟ್ ಕೊಚ್ಚಿಯ ಅಳಿವೆಯಲ್ಲಿ ಮಳೆಗಾಲಕ್ಕೆ ನದಿಗಳ ಸಿಹಿನೀರು ಮೇಲುಗೈ ಪಡೆಯುವುದು. ಬೇಸಗೆಯಲ್ಲಿ ಕಡಲ ಉಪ್ಪು ಒಳನಾಡಿನತ್ತ ಏರುವುದು. ಇವೆರಡರ ನಡುವೆ ಗೆರೆಯೆಂಬುದಿಲ್ಲ. ಇಂಥ ಕ್ರಮಭೇದವನ್ನು ನಕ್ಷೆಯಲ್ಲಿ ತೋರಿಸುವ ಯತ್ನಕ್ಕೆ ದೀರ್ಘ ಇತಿಹಾಸವುಂಟು. 1826ರಲ್ಲಿ ಷಾರ್ಲ್ ದ್ಯುಪ್ಯಾಂ ಅವರು ಫ್ರಾನ್ಸಿನ ವಿದ್ಯಾಪ್ರಸಾರವನ್ನು ಕಪ್ಪು ಛಾಯೆಗಳ ತಾರತಮ್ಯದಿಂದ ಭೂಪಟದಲ್ಲಿ ತೋರಿಸಿದರು. ಅನಂತರದವರು ಬಹುಮಟ್ಟಿಗೆ ಅಂಕಿಗಳನ್ನು ಕೆಲವೇ ವರ್ಗಗಳಾಗಿ ವಿಂಗಡಿಸಿದರು. ಪ್ರತಿಯೊಂದು ಅಂಕಿಗೂ ಅದರದೇ ಛಾಯೆಯನ್ನು ಕೊಡಬಹುದೆಂದು 1973ರಲ್ಲಿ ವಾಲ್ಡೊ ಟಾಬ್ಲರ್ ಅವರು ಪ್ರತಿಪಾದಿಸಿದರು. ಗಣಕಯಂತ್ರವು ಇದನ್ನು ಸುಲಭಗೊಳಿಸಿತಾದರೂ, ಕಾಮನಬಿಲ್ಲಿನ ವರ್ಣಶ್ರೇಣಿಯು ಹಳದಿ ಬಂದೆಡೆ ಇಲ್ಲದ ಗಡಿಯನ್ನು ಕಲ್ಪಿಸಿತು. ಹೊಳಪು ಒಂದೇ ಸಮನೆ ಏರುವ ‘ವಿರಿಡಿಸ್’ ಶ್ರೇಣಿಯು 2015ರಲ್ಲಿ ಬಂದು ಆ ದೋಷವನ್ನು ತಗ್ಗಿಸಿತು. ಕೆಂಪು-ಹಸುರುಗಳ ಭೇದ ಕಾಣದವರಿಗೂ ನಿಲುಕಿತು. ಉಪ್ಪಿಳಿದ ಮೇಲೆಯೇ ಪೊಕ್ಕಾಳಿ ಬತ್ತವನ್ನು ಬೆಳೆಯುವ ಈ ಸೀಮೆಯಲ್ಲಿ, ನಕ್ಷೆಯ ಸುಳ್ಳುಗೆರೆಯು ಅನ್ನದ ಲೆಕ್ಕವನ್ನೇ ಕೆಡಿಸಬಲ್ಲದು.