ಹಂಚಿನ ಕಾರ್ಖಾನೆ ಮತ್ತು ಒಂದು ನಂಬಿಕೆಯ ಪರೀಕ್ಷೆ



ಬಾಸೆಲ್ ಮಿಶನ್ ಎಂದೊಡನೆ ನಮಗೆ ನೆನಪಾಗುವುದು ಎರಡು ಸಂಗತಿಗಳು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರತಂದ, ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರು ಸಮಾಚಾರ' ಒಂದು. 1894ರಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟ್ಟೆಲರ ನಿಘಂಟು ಮತ್ತೊಂದು. ಶಾಲೆಯ ಪಾಠವೂ ಪರೀಕ್ಷೆಯ ಪ್ರಶ್ನೆಯೂ ಅಷ್ಟಕ್ಕೇ ಮುಗಿಯುತ್ತವೆ. ಆದರೆ ಆ ಪಾದ್ರಿಗಳು ಎದುರಿಸಿದ ಅತ್ಯಂತ ಕಠಿಣವಾದ ಪ್ರಶ್ನೆ ಭಾಷೆಯದಲ್ಲ, ಅನ್ನದ್ದು. ಅದನ್ನು ಕುರಿತು ಇಂದು ನಾಲ್ಕು ಮಾತು ಬರೆಯುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಸಂಸ್ಥೆ ಹುಟ್ಟಿತು. 1833ರ ಸನ್ನದು ಕಾಯಿದೆಯಿಂದ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಈ ದೇಶದ ಬಾಗಿಲು ತೆರೆಯಿತು. ಮರುವರ್ಷವೇ, ಅಂದರೆ 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಈ ಸಂಸ್ಥೆಯ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಕೈಕೆಸರು ಮಾಡಿಕೊಳ್ಳುವುದು ಅವರಿಗೆ ಅವಮಾನವೆನಿಸಿರಲಿಲ್ಲ; ದುಡಿಮೆಯೂ ಒಂದು ಬಗೆಯ ಪ್ರಾರ್ಥನೆಯೆಂಬ ಸಂಸ್ಕಾರದಲ್ಲಿ ಬೆಳೆದವರು ಅವರು.

ಇಲ್ಲಿ ಅವರಿಗೆ ಎದುರಾದ ಸಂಕಟವನ್ನು ಸ್ವಲ್ಪ ಯೋಚಿಸಿ ನೋಡಿ. ಅಂದಿನ ಸಮಾಜದಲ್ಲಿ ಕಸುಬು ಜಾತಿಯೊಡನೆ ಬೆಸೆದುಕೊಂಡಿತ್ತು. ಹೊಸ ಮತವನ್ನು ಸ್ವೀಕರಿಸಿದವನು ದೇವರನ್ನು ಮಾತ್ರ ಬದಲಿಸಿದಂತಾಗಲಿಲ್ಲ. ಮನೆ, ನೆಂಟಸ್ತಿಕೆ, ಗೇಣಿಯ ಭೂಮಿ, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ಳಬೇಕಾಗುತ್ತಿತ್ತು. ಹೀಗೆ ಬೀದಿಗೆ ಬಿದ್ದವನಿಗೆ ಭಾನುವಾರದ ಪ್ರಸಂಗವೊಂದನ್ನೇ ಕೇಳಿಸಿ ಕಳುಹಿಸಿದರೆ ಅದು ಯಾವ ಧರ್ಮ? ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂಬುದು ಬೈಬಲಿನ ಯಾಕೋಬನ ಪತ್ರಿಕೆಯ ಮುಖ್ಯ ವಿಚಾರ. ಆ ವಿಚಾರ ಮಂಗಳೂರಿನಲ್ಲಿ ನಿಜವಾದ ಪರೀಕ್ಷೆಗೆ ಒಳಗಾಯಿತು.

ದಾನ ಕೊಡುವುದು ಸುಲಭ. ಆದರೆ ದಾನ ಮನುಷ್ಯನನ್ನು ಕುಗ್ಗಿಸುತ್ತದೆ. ಆದ್ದರಿಂದ ಕಸುಬನ್ನೇ ಕಲಿಸಲು ಹೊರಟರು. ಬೇಸಾಯ, ಗಡಿಯಾರದ ಕೆಲಸ ಮೊದಲಾದ ಹಲವು ಪ್ರಯತ್ನಗಳು ನಡೆದವು, ಎಲ್ಲವೂ ಕೈಹಿಡಿಯಲಿಲ್ಲ. ನೇಯ್ಗೆ ನಿಂತಿತು. 1851ರಲ್ಲಿ ಬಂದ ಹಾಲರ್ ಎಂಬವರು ಸ್ವತಃ ನುರಿತ ನೇಕಾರರು. ಉತ್ತಮ ಮಗ್ಗಗಳನ್ನು ತಂದು ಬಟ್ಟೆಗೂ ಬಣ್ಣಕ್ಕೂ ಹೆಸರು ತಂದರು. ಖಾಕಿಯನ್ನು ಇವರೇ ಕಂಡುಹಿಡಿದರೆಂದು ನಮ್ಮಲ್ಲಿ ಹೇಳುವುದುಂಟು. ಆದರೆ ಪಂಜಾಬಿನ ಕಡೆಯ ಸೈನ್ಯದಲ್ಲಿ ಅದಕ್ಕೆ ಮುಂಚೆಯೇ ಖಾಕಿಯ ಬಳಕೆಯಿತ್ತು. ಇತಿಹಾಸವನ್ನು ಓದುವವರು ಅಭಿಮಾನದ ಮಾತನ್ನೂ ತೂಗಿ ನೋಡಬೇಕು.

ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ಎಂಬವರ ಕಣ್ಣು ನಮ್ಮ ನದೀತೀರದ ಜೇಡಿಮಣ್ಣಿನ ಮೇಲೆ ಬಿತ್ತು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮಣ್ಣು ಕಲಸಲು ಒಂದು ಜೋಡಿ ಎತ್ತು. ದಿನಕ್ಕೆ 560 ಹಂಚು. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯ, ವರ್ಷವರ್ಷವೂ ಹೊದಿಸುವ ಕಷ್ಟ. ಒಂದರ ಅಂಚು ಮತ್ತೊಂದಕ್ಕೆ ಸಿಕ್ಕಿಕೊಳ್ಳುವ ಈ ಚಪ್ಪಟೆ ಹಂಚು ಕರಾವಳಿಯ ಮಳೆಯನ್ನು ಗೆದ್ದಿತು. 1868ರಲ್ಲಿ ಸ್ಥಳೀಯರಾದ ಆಲ್ಬುಕರ್ಕ್ ಕುಟುಂಬವೂ ಕಾರ್ಖಾನೆ ತೆರೆಯಿತು. ಮುಂದೆ ಮಂಗಳೂರು ಹಂಚು ಹಡಗೇರಿ ಆಫ್ರಿಕದ ಪೂರ್ವ ತೀರದವರೆಗೂ ಹೋಯಿತು.

ಆಕ್ಷೇಪಗಳು ಇರಲಿಲ್ಲವೇ? ಇದ್ದವು. ಅನ್ನದ ಆಸೆಗೆ ಮತ ಬದಲಾಯಿತೆಂದು ಹೊರಗಿನವರು ಆಡಿಕೊಂಡರು. ಪಾದ್ರಿಗೆ ವ್ಯಾಪಾರವೇಕೆಂದು ಒಳಗಿನವರೂ ಕೇಳಿದರು. ಯಜಮಾನನೂ ಗುರುವೂ ಒಬ್ಬನೇ ಆದರೆ ಕೆಲಸಗಾರನು ತನ್ನ ಮನಸ್ಸಿನ ಮಾತನ್ನು ಎಷ್ಟರಮಟ್ಟಿಗೆ ಆಡಬಲ್ಲ ಎಂಬ ಪ್ರಶ್ನೆಯನ್ನು ನಾನೂ ತಳ್ಳಿಹಾಕಲಾರೆ. ಆದರೂ ಒಂದು ಮಾತು ನನಗೆ ಸ್ಪಷ್ಟವಾಗಿದೆ. ತಮ್ಮ ಬೋಧನೆಯಿಂದ ಒಬ್ಬನು ಆಸರೆ ಕಳೆದುಕೊಂಡರೆ ಅವನ ಹೊಟ್ಟೆಯ ಹೊಣೆ ತಮ್ಮದೆಂದು ಇವರು ಬಗೆದರು. ಬೋಧಿಸುವವರಲ್ಲಿ ಆ ಹೊಣೆಯನ್ನು ಹೊರುವವರು ವಿರಳ.

ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿ ಬಂಧನಕ್ಕೊಳಗಾದರು. ಉದ್ಯಮಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಕಟ್ಟಿದವರು ಹೋದರು. ಆದರೆ ಕಲಿತ ಕೈಗಳು ಇಲ್ಲಿಯೇ ಉಳಿದವು. ವಿದ್ಯೆ ಕಲಿಸಿದವನಿಗೆ ಇದಕ್ಕಿಂತ ದೊಡ್ಡ ಪ್ರತಿಫಲವಿಲ್ಲವೆಂದು ಮೇಷ್ಟ್ರಾಗಿ ಬಾಳಿದ ನಾನು ಧೈರ್ಯವಾಗಿ ಹೇಳಬಲ್ಲೆ.

ನಾನು ಯಾವ ಮತದ ಪ್ರಚಾರಕ್ಕೂ ಇದನ್ನು ಬರೆಯಲಿಲ್ಲ. ನಮ್ಮ ಬಸವಣ್ಣನವರ ಕಾಲದ ಶರಣರೂ ಕಾಯಕವನ್ನು ಪೂಜೆಗಿಂತ ಕಡಿಮೆಯೆಂದು ಭಾವಿಸಲಿಲ್ಲ. ನಿಮ್ಮ ಊರಿನ ಹಳೆಯ ಮನೆಯ ಹಿತ್ತಿಲಲ್ಲಿ ರಾಶಿ ಹಾಕಿದ ಹಂಚುಗಳಿದ್ದರೆ ಒಂದನ್ನು ತಿರುವಿ, ಧೂಳೊರೆಸಿ ನೋಡಿ. ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಅಂಕೆಯೂ ಕಂಡರೆ ಮಕ್ಕಳನ್ನು ಕರೆದು ತೋರಿಸಿ, ಈ ಕಥೆಯನ್ನು ಹೇಳಿ.