ಫಿಲ್ಟರ್ ಇಲ್ಲದ ಮನೆ

ಬೆಂಗಳೂರಲ್ಲಿ ನನ್ನ ಮೊದಲ ಕೆಲಸ. ಪಕ್ಕದ ಸೀಟಿನವರು ಕೇಳಿದರು: 'ಕನ್ನಡದವರು ಅಂತೀರಿ, ಮನೇಲಿ ಫಿಲ್ಟರ್ ಇಲ್ವಾ?' ಇರಲಿಲ್ಲ. ರಾಯಚೂರು ಜಿಲ್ಲೆಯ ಕವಿತಾಳದ ನಮ್ಮ ಮನೆಯಲ್ಲಿದ್ದದ್ದು ಚಾ ಪಾತ್ರೆ, ಚಾ ಸೋಸುವ ಜರಡಿ. ಕಾಫಿ ಅಂದ್ರೆ ಬೀಗರು ಬಂದಾಗ ಬಿಸಿ ಹಾಲಿಗೆ ಕಲಸುವ ಪ್ಯಾಕೆಟ್ ಪುಡಿ. ಅವತ್ತು ಯಾಕೋ ಸಣ್ಣಗೆ ನಾಚಿಕೆ ಆಯ್ತು.

ಆಮೇಲೆ ನಾನೂ ಫಿಲ್ಟರ್ ಕೊಂಡೆ. ಒಂದರ ಮೇಲೊಂದು ಕೂರುವ ಎರಡು ಡಬ್ಬಿ. ಮೇಲಿನದರ ತಳಕ್ಕೆ ಸಣ್ಣ ತೂತುಗಳು. ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿನೀರು ಸುರಿದರೆ ಉಳಿದ ಕೆಲಸ ಭೂಮಿಯ ಸೆಳೆತದ್ದು. ಡಿಕಾಕ್ಷನ್ ಹನಿಹನಿಯಾಗಿ ಇಳಿಯಲು ಕಾಲು ಗಂಟೆಯಾದರೂ ಬೇಕು. ಚಿಕೋರಿ ಬೆರೆಸಿದ್ದರೆ ಇನ್ನೂ ನಿಧಾನ, ಇನ್ನೂ ಗಟ್ಟಿ.

ಈ ಉಪಾಯ ನಮ್ಮೊಬ್ಬರದೇ ಅಲ್ಲ. 1800ರ ಸುಮಾರಿಗೇ ಪ್ಯಾರಿಸ್ಸಿನಲ್ಲಿ ಇಂಥ ಎರಡಂತಸ್ತಿನ ಪಾತ್ರೆ ಬಂದಿತ್ತು. 1908ರಲ್ಲಿ ಜರ್ಮನಿಯ ಗೃಹಿಣಿ ಮೆಲಿಟ್ಟಾ ಬೆಂಟ್ಸ್, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರನ್ನು ತೂತಿನ ಪಾತ್ರೆಗೆ ಹಾಸಿ ಗಸಿ ತಡೆದರು. 1933ರ ಇಟಲಿಯ ಮೋಕಾ ಪಾಟ್ ಉಲ್ಟಾ: ಒಲೆಯ ಮೇಲೆ ಹಬೆಯ ಒತ್ತಡ ನೀರನ್ನು ಕೆಳಗಿಂದ ಮೇಲಕ್ಕೆ, ಪುಡಿಯ ಮೂಲಕ ತಳ್ಳುತ್ತೆ. ಫ್ರೆಂಚ್ ಪ್ರೆಸ್ಸಿನಲ್ಲಿ ಪುಡಿ ನೀರಲ್ಲೇ ನೆನೆಯುತ್ತೆ. ಆಮೇಲೆ ಜಾಲರಿಯಿಂದ ಒತ್ತಿ ಬೇರೆ ಮಾಡೋದು. ಎಸ್ಪ್ರೆಸೊ ಯಂತ್ರ ಗಾಳಿಯ ಒತ್ತಡದ ಸುಮಾರು 9 ಪಟ್ಟು ಬಲದಿಂದ ನೀರು ನುಗ್ಗಿಸಿ ಅರ್ಧ ನಿಮಿಷದಲ್ಲಿ ಕೆಲಸ ಮುಗಿಸುತ್ತೆ.

ಹಾಗಾದ್ರೆ ಫಿಲ್ಟರ್ ನಮ್ಮ ಮನೆಗೆ ಯಾಕೆ ಬರಲಿಲ್ಲ? ಉತ್ತರ ನಕ್ಷೆಯಲ್ಲಿದೆ. ಬಾಬಾ ಬುಡನ್ ಏಳು ಬೀಜ ತಂದು ನೆಟ್ಟರೆಂಬ ಗಿರಿ ಇರೋದು ಚಿಕ್ಕಮಗಳೂರಲ್ಲಿ. ತೋಟಗಳೆಲ್ಲ ಮೈಸೂರು ಸಂಸ್ಥಾನದ ಮಲೆನಾಡು ಮತ್ತು ಕೊಡಗಿನಲ್ಲಿ. ನಾವಿದ್ದದ್ದು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ರಾಜ್ಯದಲ್ಲಿ. ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಲ್ಲಿತನಕ ನಮ್ಮವರು ಕೋರ್ಟು, ಕಚೇರಿ, ಕಾಲೇಜು ಅಂತ ಮುಖ ಮಾಡಿದ್ದು ಹೈದರಾಬಾದಿನ ಕಡೆಗೆ. ಅದು ಇರಾನಿ ಚಾದ ಊರು.

ಆ ಚಾ ಮಾಡೋದು ಹೇಗೆ ಗೊತ್ತಾ? ಪುಡಿಯನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿ ಕಷಾಯ ತೆಗೀತಾರೆ. ಹಾಲು ಬೇರೆ ಕಾಯಿಸಿ ಕೊನೆಗೆ ಬೆರೆಸ್ತಾರೆ. ಡಿಕಾಕ್ಷನ್ ಅನ್ನೋ ಪದದ ಮೂಲ ಅರ್ಥವೂ ಕುದಿಸಿ ತೆಗೆದ ರಸ ಅಂತಲೇ. ಆ ಲೆಕ್ಕದಲ್ಲಿ ಫಿಲ್ಟರಿನದು ಹೆಸರಿಗೆ ಮಾತ್ರ ಡಿಕಾಕ್ಷನ್, ಚಾದ್ದೇ ಅಸಲಿ! ಫಿಲ್ಟರ್ ಇರೋದು ಇಲ್ಲದಿರೋದು ಹಳೇ ಗಡಿಯ ಗುರುತು, ಕನ್ನಡತನದ ಅಳತೆಯಲ್ಲ. ಪಕ್ಕದ ಸೀಟಿನವರಿಗೆ ಅವತ್ತೇ ಇದನ್ನ ಹೇಳಬೇಕಿತ್ತು.

ಕಳೆದ ಯುಗಾದಿಗೆ ಫಿಲ್ಟರ್ ಊರಿಗೆ ಒಯ್ದೆ. ಅವ್ವ ಎರಡು ಸಲ ಮುಚ್ಚಳ ತೆಗೆದು ನೋಡಿದಳು. 'ಇಷ್ಟೊತ್ತು ಬೇಕೇನ? ಇಷ್ಟರಾಗ ಎರಡು ಸಲ ಚಾ ಆಗ್ತಿತ್ತು.' ಕೊನೆಗೆ ಕುಡಿದು ಲೋಟ ಕೆಳಗಿಟ್ಟಳು.

'ಚಲೋ ಐತಿ. ಈಗ ಚಾ ಇಡ್ಲೇನ?'