ತಾಳವಾಡಿಯ ಮನೆವಾರ್ತೆಯಲ್ಲಿ ಹೆಂಡದ ಬಾಬ್ತು

ಸತ್ಯಮಂಗಲದಿಂದ ಹೊರಟು, ಬಣ್ಣಾರಿ ಅಮ್ಮನ ಗುಡಿಯನ್ನು ಹಾದು, ದಿಂಬಂ ಘಟ್ಟದ 27 ತಿರುವುಗಳನ್ನೇರಿ ಹಾಸನೂರಿನ ಕಾಡನ್ನು ದಾಟಿ ಬಂದವನಿಗೆ ತಾಳವಾಡಿಯ ಸೀಮೆಯು ನೆಲದ ಗುಣದಲ್ಲಿಯೂ ಜನರ ನುಡಿಯಲ್ಲಿಯೂ ಚಾಮರಾಜನಗರದ ಬಯಲಿನ ಮುಂದುವರಿಕೆಯೆಂದೇ ತೋರುವುದು. ಅದೇ ರಾಗಿಯ ಹೊಲ, ಅದೇ ಕನ್ನಡ, ಅದೇ ಸೋಲಿಗರ ಹಾಡಿಗಳು. ಮದುವೆಯ ಸಂಬಂಧಗಳೂ ಸಂತೆಯ ವ್ಯವಹಾರವೂ ಬಹುಮಟ್ಟಿಗೆ ಗಡಿಯ ಆಚೆಗೇ. ಆದರೆ ಇಲ್ಲಿಯ ಮನೆಯೊಡೆಯನು ಸಂಜೆಗೆ ಎಲ್ಲಿ ಕುಡಿಯಬೇಕು, ಏನನ್ನು ಕುಡಿಯಬೇಕು, ಅದಕ್ಕೆ ಎಷ್ಟು ತೆರಬೇಕು ಎಂಬುದನ್ನು ನಿರ್ಣಯಿಸಿದ ಶಾಸನಗಳು, ಟೀಪೂ ಸುಲ್ತಾನನ ಪತನಾನಂತರ ಈ ಸೀಮೆಯು ಕಂಪನಿಯ ಕೊಯಮತ್ತೂರಿಗೆ ಸೇರಿದಂದಿನಿಂದ, ಮದರಾಸಿನಲ್ಲಿಯೇ ಹುಟ್ಟಿದುವು. ಆದುದರಿಂದ ಈ ಬೆಟ್ಟದ ಸಂಸಾರಗಳು ಮದ್ಯಕ್ಕೆಂದು ತೆತ್ತ ಹಣದ ಚರಿತ್ರೆಯನ್ನು ಬರೆಯಹೊರಟವನು ಗಡಿಯನ್ನೂ ಬೊಕ್ಕಸವನ್ನೂ ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಾರನು.

ಪಾನನಿರೋಧವನ್ನು ರಾಜಶಾಸನದಿಂದ ಜಾರಿಗೆ ತರಲು ಟೀಪುವೂ ಯತ್ನಿಸಿದ್ದುಂಟು. ಅವನ ತರುವಾಯ ಬಂದ ಆಂಗ್ಲ ಪ್ರಭುತ್ವವು ಕುಡಿತವನ್ನು ಆದಾಯದ ಮೂಲವೆಂದು ಕಂಡಿತು. 1886ರ ಮದರಾಸು ಅಬಕಾರಿ ಶಾಸನದಿಂದ ಬಲಗೊಂಡ ಪದ್ಧತಿಯಲ್ಲಿ ಹೆಂಡವಿಳಿಸುವ ಪ್ರತಿಯೊಂದು ಮರಕ್ಕೂ ಕರ, ಪ್ರತಿಯೊಂದು ಅಂಗಡಿಗೂ ಹರಾಜು. ಹರಾಜಿನಲ್ಲಿ ಏರಿಸಿ ಕೂಗಿದ ಗುತ್ತಿಗೆದಾರನು ತಾನು ಕೂಗಿದ ಮೊತ್ತವನ್ನು ವರ್ಷದೊಳಗೆ ಹಿಂದಕ್ಕೆ ಪಡೆಯಲೇಬೇಕಾಗಿದ್ದುದರಿಂದ, ಕುಡಿಯುವವರ ಸಂಖ್ಯೆ ಹೆಚ್ಚುವುದು ಅವನಿಗೆ ಉಳಿವಿನ ಪ್ರಶ್ನೆಯಾಗುತ್ತಿತ್ತು. ಕೈಯಲ್ಲಿ ಕಾಸಿಲ್ಲದ ಕೂಲಿಯವನಿಗೆ ಸಾಲ ಕೊಡುವುದೂ, ಸುಗ್ಗಿಯಲ್ಲಿ ಆ ಸಾಲವನ್ನು ಧಾನ್ಯರೂಪದಲ್ಲಿ ವಸೂಲು ಮಾಡುವುದೂ ಈ ವ್ಯವಸ್ಥೆಯಿಂದಲೇ ಒದಗಿದ ಫಲಗಳು. ಕಣದಿಂದ ನೇರವಾಗಿ ಹೆಂಡದಂಗಡಿಗೆ ಹೋದ ರಾಗಿಯು ಹಗೇವನ್ನು ಕಾಣದೆ ಹೋದುದರಿಂದ, ಮನೆಯಾಕೆಗೆ ಆ ವೆಚ್ಚವು ವೆಚ್ಚವೆಂದೇ ಕಾಣುತ್ತಿರಲಿಲ್ಲ, ಬೆಳೆ ಕಡಮೆಯಾಯಿತೆಂದು ಮಾತ್ರ ಕಾಣುತ್ತಿತ್ತು. ಪ್ರಾಂತದ ವರಮಾನದಲ್ಲಿ ಸುಮಾರು ಕಾಲುಭಾಗ ಅಬಕಾರಿಯದೇ ಆಗಿದ್ದ ಕಾಲವದು.

ಇದನ್ನು ಮೊದಲು ಬೀದಿಯಲ್ಲಿ ನಿಂತು ಪ್ರಶ್ನಿಸಿದವರಲ್ಲಿ ಈರೋಡಿನವರು ಮುಖ್ಯರು. 1921ರಲ್ಲಿ, ಆಗಿನ್ನೂ ಕಾಂಗ್ರೆಸಿಗರಾಗಿದ್ದ ಈ. ವೆ. ರಾಮಸ್ವಾಮಿಯವರು ಸೇಲಂ ಬಳಿಯ ತಮ್ಮ ತೋಟದ 500 ತೆಂಗಿನ ಮರಗಳನ್ನು ಹೆಂಡಕ್ಕೆ ಒದಗದಂತೆ ಕಡಿಸಿಹಾಕಿದರು. ಅವರು ಸೆರೆಮನೆ ಸೇರಿದ ಮೇಲೆ ಅವರ ಪತ್ನಿ ನಾಗಮ್ಮೆಯವರೂ ಸೋದರಿ ಕಣ್ಣಮ್ಮಾಳ್ ಅವರೂ ಹೆಂಡದಂಗಡಿಗಳ ಮುಂದೆ ಧರಣಿಯನ್ನು ಮುಂದುವರಿಸಿದರು. ಮರ ಕಡಿದುದಕ್ಕಿಂತ ಈ ಹೆಂಗಸರು ಅಂಗಡಿಯ ಬಾಗಿಲಲ್ಲಿ ನಿಂತುದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಏಕೆಂದರೆ ಆ ಬಾಗಿಲಿನ ಒಳಗೆ ಖರ್ಚಾಗುತ್ತಿದ್ದುದು ಹೆಂಗಸರ ಒಲೆಯ ಹಣ.

ರಾಜಾಜಿಯವರ ಮಂತ್ರಿಮಂಡಲವು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೊಳಿಸಿತು. ಮದರಾಸು ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಪಿ. ಜೆ. ಥಾಮಸ್ ಅವರು ಅದರ ಆರ್ಥಿಕ ಫಲಗಳನ್ನು ಪರಿಶೀಲಿಸಿ ವರದಿ ಬರೆದರು. ಬಡವನ ಮನೆಯ ಕುಡಿತದ ಲೆಕ್ಕವನ್ನು ವಿದ್ವಾಂಸರು ಗಂಭೀರವಾಗಿ ಕೈಗೆತ್ತಿಕೊಂಡ ಆರಂಭದ ಪ್ರಸಂಗಗಳಲ್ಲಿ ಇದು ಒಂದು. ಹೋದ ಆದಾಯವನ್ನು ತುಂಬಿಕೊಳ್ಳಲು ಸರ್ಕಾರವು 1939ರಲ್ಲಿ ಮಾರಾಟ ತೆರಿಗೆಯನ್ನು ತಂದಿತು. ಯುದ್ಧಕಾಲದಲ್ಲಿ ನಿಂತುಹೋದ ನಿರೋಧವು ಮತ್ತೆ ಹಬ್ಬಿ, 1948ರ ಅಕ್ಟೋಬರ್ 2ರ ವೇಳೆಗೆ ಇಡೀ ಪ್ರಾಂತವನ್ನು ವ್ಯಾಪಿಸಿತು. ತಾಳವಾಡಿಯೂ ಕಾಗದದ ಮೇಲೆ ಪಾನಮುಕ್ತವಾಯಿತು.

ಕಾಗದದ ಮೇಲೆ ಎಂದೆನು. ಏಕೆಂದರೆ ಈ ಬೆಟ್ಟದಲ್ಲಿ ಕಳ್ಳಭಟ್ಟಿಗೆ ಬೇಕಾದುದೆಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿಯೇ ಇತ್ತು. ಕಬ್ಬಿನ ಗದ್ದೆಯಿಂದ ಬೆಲ್ಲ, ಕಾಡಿನಿಂದ ಬಿಳಿಜಾಲಿಯ ಚಕ್ಕೆ, ಹಳ್ಳದಿಂದ ನೀರು. ಈ ಮೂರನ್ನೂ ಮಡಕೆಯಲ್ಲಿ ಹಾಕಿ, ಬಾಯಿಕಟ್ಟಿ, ನೆಲದಲ್ಲಿ ಹೂತು, ಹುಳಿಬಂದ ಮೇಲೆ ತೆಗೆದು, ಮಡಕೆಯ ಮೇಲೆ ಮಡಕೆಯನ್ನಿಟ್ಟು ಬಟ್ಟಿಯಿಳಿಸಿದರೆ ಸಾರಾಯಿ ಸಿದ್ಧ. ಹೊಗೆ ಕಂಡು ಪೊಲೀಸರು ಬರುವಷ್ಟರಲ್ಲಿ ಮಡಕೆಗಳನ್ನು ಒಡೆದು ಕಾಡು ಸೇರಬಹುದು. ಸಿಕ್ಕಿಬಿದ್ದವನಿಗೆ ದಂಡ, ದಂಡ ತೆರಲು ಸಾಲ, ಸಾಲ ತೀರಿಸಲು ಇನ್ನೊಂದು ಬಟ್ಟಿ. ಕುಡಿಯುವ ಮನೆಯ ವೆಚ್ಚದ ಜತೆಗೆ ಬಟ್ಟಿಯಿಳಿಸುವ ಮನೆಯ ದಂಡವೂ ಸೇರಿಕೊಂಡು, ನಿರೋಧವೇ ಬಡವರಿಗೆ ಹೊಸದೊಂದು ಬಾಬ್ತನ್ನು ತಂದಿತು. ಆದರೂ ಆ ಶಾಸನವು ವ್ಯರ್ಥವಾಯಿತೆಂದು ಹೇಳುವವರ ಪಕ್ಷವನ್ನು ನಾನು ವಹಿಸಲಾರೆ. ಬೀದಿಯಲ್ಲಿ ಅಂಗಡಿಯೇ ಇಲ್ಲದ ಊರಿನಲ್ಲಿ ಕುಡಿಯದೆ ಉಳಿದುಹೋದವರನ್ನು ಯಾವ ಪೊಲೀಸು ದಾಖಲೆಯೂ ಎಣಿಸಿಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಭಾಷಾಭಿಮಾನಿಗಳು ಈ ವಿಭಾಗವನ್ನು ಕುರಿತು ಬಹಳ ಬರೆದಿದ್ದಾರೆ, ಆದರೆ ಅದು ಮನೆಯ ವೆಚ್ಚವನ್ನು ತಟ್ಟಿದ ಬಗೆಯನ್ನು ಬರೆದವರು ವಿರಳ. ಮೈಸೂರು ರಾಜ್ಯವು 1967ರಲ್ಲಿ ನಿರೋಧವನ್ನು ಕೈಬಿಟ್ಟಾಗ, ಗಡಿಯಾಚೆ ಬಹಿರಂಗವಾಗಿ ದೊರೆಯುತ್ತಿದ್ದುದು ಈಚೆಗೆ ಅಪರಾಧವಾಗಿತ್ತು. ತಮಿಳುನಾಡು 1971ರಲ್ಲಿ ಅಂಗಡಿಗಳನ್ನು ತೆರೆದು, 1973ರಲ್ಲಿ ಹೆಂಡದವನ್ನೂ 1974ರಲ್ಲಿ ಸಾರಾಯಿಯವನ್ನೂ ಮುಚ್ಚಿ, 1981ರಲ್ಲಿ ಮತ್ತೆ ತೆರೆಯಿತು. ಹೆಂಡ, ಸಾರಾಯಿಗಳ ಅಂಗಡಿಗಳನ್ನು 1987ರಲ್ಲಿ ಪುನಃ ಮುಚ್ಚಿತು. ಮುಚ್ಚಿದಾಗಲೆಲ್ಲ ಆಚೆಗೆ ಹೋಗುವ ಬಸ್ಸಿನ ಚಾರ್ಜೂ ದಿನದ ಕೂಲಿಯ ನಷ್ಟವೂ ಕುಡಿತದ ಬೆಲೆಗೆ ಕೂಡಿಕೊಂಡುವು.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳದಿರಲಾರೆ. ತಾಳವಾಡಿಯ ಗಾಜನೂರಿನಲ್ಲಿ ಹುಟ್ಟಿದ ರಾಜ್‌ಕುಮಾರರು ತೆರೆಯ ಮೇಲೆ ಕುಡಿತವನ್ನು ದೂರವಿಟ್ಟವರೆಂದೇ ಪ್ರಸಿದ್ಧರು. 1992ರಲ್ಲಿ ತೆರೆಕಂಡ ಅವರ ‘ಜೀವನ ಚೈತ್ರ’ವು ಊರಿನಿಂದ ಸಾರಾಯಿಯನ್ನು ತೊಲಗಿಸುವ ಕಥೆಯಾಗಿದ್ದು, ಕರ್ನಾಟಕದ ಹಲವು ಹಳ್ಳಿಗಳ ಹೆಂಗಸರಿಗೆ ಅಂಗಡಿಯ ಮುಂದೆ ನಿಲ್ಲುವ ಧೈರ್ಯವನ್ನು ಕೊಟ್ಟಿತು. ಅದೇ ಕಾಲದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟೆಯ ಅಕ್ಷರಕಲಿಕೆಯ ಹೆಂಗಸರು ಸಾರಾಯಿಯ ವಿರುದ್ಧ ಎದ್ದುನಿಂತಿದ್ದರು. ನಾಗಮ್ಮೆಯವರ ಧರಣಿಗೂ ಇದಕ್ಕೂ ನಡುವೆ ಕಳೆದುದು ಏಳು ದಶಕಗಳು.

2003ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರವು ತನ್ನ ಟಾಸ್ಮಾಕ್ ಸಂಸ್ಥೆಯ ಮೂಲಕ ಸೀಸೆಯ ಮದ್ಯದ ಚಿಲ್ಲರೆ ಮಾರಾಟವನ್ನೂ ತಾನೇ ವಹಿಸಿಕೊಂಡಿತು. ಗುತ್ತಿಗೆದಾರನು ಹೋಗಿ ಸರ್ಕಾರವೇ ಗಲ್ಲೆಯ ಹಿಂದೆ ಕುಳಿತಂತಾಯಿತು. ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ ಮೇಲೆ ಆಚೆಯ ಬಡವನೂ ಹೆಚ್ಚಿನ ಬೆಲೆಯ ಸೀಸೆಗೆ ತಿರುಗಿದನು. ಗಡಿಯ ಆಟ ಮಾತ್ರ ನಿಲ್ಲಲಿಲ್ಲ. 2021ರ ಜೂನಿನಲ್ಲಿ, ಸಾಂಕ್ರಾಮಿಕದ ದೆಸೆಯಿಂದ, ತಾಳವಾಡಿಯು ಈಗ ಸೇರಿರುವ ಈರೋಡು ಮೊದಲಾದ 11 ಜಿಲ್ಲೆಗಳಲ್ಲಿ ಟಾಸ್ಮಾಕ್ ಅಂಗಡಿಗಳು ಮುಚ್ಚಿಯೇ ಇದ್ದಾಗ, ಕರ್ನಾಟಕದ ಸರಕು ತರಕಾರಿಯ ವಾಹನಗಳಲ್ಲಿಯೂ ದ್ವಿಚಕ್ರಗಳಲ್ಲಿಯೂ ಇತ್ತ ಕಡೆಗೆ ಹರಿದು ಬಂದಿತು.

ಇಂದು ಒಂದು ಮನೆಯು ತಿಂಗಳಿಗೆ ಎಷ್ಟನ್ನು ಕುಡಿತಕ್ಕೆ ತೆರುತ್ತದೆ? 2022-23ರ ರಾಷ್ಟ್ರೀಯ ಗೃಹವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ತಲೆಗೆ ತಿಂಗಳ ಸರಾಸರಿ ವೆಚ್ಚ 3,773 ರೂಪಾಯಿ. ಅದರಲ್ಲಿ ಎಲೆಯಡಿಕೆ, ಹೊಗೆಸೊಪ್ಪು, ಮಾದಕ ಪದಾರ್ಥ ಮೂರೂ ಕೂಡಿ ಶೇಕಡಾ 3.79. ನಾಲ್ವರ ಸಂಸಾರಕ್ಕೆ ಆರುನೂರು ರೂಪಾಯಿಗೂ ಕಡಮೆ. ಕುಡಿಯದ ಮನೆಗಳನ್ನೂ ಕುಡಿಯುವ ಮನೆಗಳನ್ನೂ ಒಂದೇ ರಾಶಿಯಲ್ಲಿ ಕಲಸಿದ ಈ ಸರಾಸರಿಯನ್ನು ನಾನು ನಂಬಲಾರೆ; ಮೇಲಾಗಿ ಗಣತಿಯವನು ಹಗಲಿನಲ್ಲಿ ಬಂದಾಗ ಉತ್ತರ ಹೇಳಬೇಕಾದವಳು, ಗಂಡನು ಅಂಗಡಿಯಲ್ಲಿ ತೆತ್ತುದನ್ನು ಕಣ್ಣಾರೆ ಕಾಣದವಳು.

2024ರ ಫೆಬ್ರವರಿಯಲ್ಲಿ ಟಾಸ್ಮಾಕಿನ ಸಾಧಾರಣ ದರ್ಜೆಯ ಕ್ವಾರ್ಟರ್ ಸೀಸೆಯ ಬೆಲೆ 140 ರೂಪಾಯಿಗೇರಿತು. ದಿನಕ್ಕೊಂದರಂತೆ ಕುಡಿಯುವವನಿಗೆ ತಿಂಗಳಿಗೆ 4,200. ಆ ವರ್ಷ ತಮಿಳುನಾಡಿನಲ್ಲಿ ಉದ್ಯೋಗ ಖಾತರಿಯ ದಿನಗೂಲಿ 319 ರೂಪಾಯಿ. ಹದಿಮೂರು ದಿನ ಮಣ್ಣು ಹೊತ್ತರೂ ಆ ಮೊತ್ತ ತುಂಬುವುದಿಲ್ಲ. 2023ರ ಸೆಪ್ಟೆಂಬರಿನಿಂದ ಇದೇ ರಾಜ್ಯವು ಅರ್ಹ ಗೃಹಿಣಿಯರ ಖಾತೆಗೆ ತಿಂಗಳಿಗೆ 1,000 ರೂಪಾಯಿ ಹಾಕತೊಡಗಿತು. ಪಡಿತರದ ಅಕ್ಕಿಯಂತೂ 2011ರಿಂದ ಉಚಿತ. ಆ ಸಾವಿರವು ಏಳು ಕ್ವಾರ್ಟರುಗಳ ಬೆಲೆ, ಒಂದು ವಾರದ ಕುಡಿತ. ಉಳಿದ ಮೂರು ವಾರಗಳಲ್ಲಿ ಬರಿದಾಗುವ ಮನೆಯನ್ನು ಆಕೆ ಹಾಲಿನ ಹಣದಿಂದಲೋ, ಸಂಘದ ಸಾಲದಿಂದಲೋ, ಅವರಿವರ ಕೋಸಿನ ಹೊಲದ ಕೂಲಿಯಿಂದಲೋ ತುಂಬಬೇಕಾಗಿದೆ.